ಸೂತ್ರವಾಯಿತು, ವೃತ್ತಿ ಎಲ್ಲಿ?

ಕಳೆದ ತಿಂಗಳ ನಮ್ಮ ಬಳಗದ ಸಭೆಯಲ್ಲಿ ತರುಣ ಮಿತ್ರರೊಬ್ಬರು ಪರದೆಯ ಮೇಲೆ ಒಂದೇ ಒಂದು ಸಾಲನ್ನು ತೋರಿಸಿ, ‘ಇದು ನಮ್ಮ ಕಾಲದ ವಚನ’ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾವು ತಟ್ಟಲಿಲ್ಲ. ಅದು ಸೌಜನ್ಯವಲ್ಲವೆಂದು ಆಮೇಲೆ ಚಹಾದ ಹೊತ್ತಿನಲ್ಲಿ ಇಬ್ಬರು ಹಿರಿಯರು ನಮ್ಮನ್ನು ಮೆಲ್ಲಗೆ ಆಕ್ಷೇಪಿಸಿದರು. ಸೌಜನ್ಯದ ಕೊರತೆಗೆ ಕ್ಷಮೆ ಕೋರುತ್ತೇವೆ. ಅಭಿಪ್ರಾಯಕ್ಕೆ ಕೋರುವುದಿಲ್ಲ, ಅದನ್ನು ಇಲ್ಲಿ ವಿವರವಾಗಿಯೇ ಹೇಳಬೇಕೆಂದಿದ್ದೇವೆ. ಇಂಗ್ಲಿಷ್ ಸಾಹಿತ್ಯ ಓದಿಕೊಂಡು ಬಂದು ಕೇಂದ್ರ ಸರ್ಕಾರದ ಲೆಕ್ಕಪತ್ರದ ಮೇಜಿಗೆ ಕುಳಿತ ನಮಗೆ ಪ್ರೋಗ್ರಾಮಿಂಗ್ ವಿಷಯದಲ್ಲಿ ಮಾತನಾಡಲು ಏನಧಿಕಾರ ಎಂದು ಕೇಳುವವರು ಸ್ವಲ್ಪ ತಾಳಿಕೊಳ್ಳಬೇಕು. ಆ ಅಧಿಕಾರ ನಮಗೆ ಹೇಗೆ ಬಂತೆಂಬುದು ಈ ಬರಹದ ನಡುವೆ ಬರುತ್ತದೆ. ಅದು ಹೆಮ್ಮೆಪಡುವ ರೀತಿಯಲ್ಲೇನೂ ಬಂದುದಲ್ಲ.

ಮೊದಲು ಆ ಸಾಲು ಮಾಡುವ ಕೆಲಸವೇನೆಂಬುದನ್ನು ಗಣಕದ ಗಂಧವಿಲ್ಲದ ಓದುಗರಿಗಾಗಿ ಹೇಳಿಬಿಡೋಣ. ಹಾಜರಿ ಪುಸ್ತಕವೊಂದನ್ನು ನೆನೆಯಿರಿ. ಅದರ ಪ್ರತಿಯೊಂದು ಸಾಲೂ ಒಂದು ಪಟ್ಟಿ. ಸಾಲುಗಳೆಲ್ಲ ಸೇರಿದ ಪುಟ ಪಟ್ಟಿಗಳ ಪಟ್ಟಿ. ಎಲ್ಲ ಸಾಲುಗಳಲ್ಲೂ ಮನೆಗಳ ಸಂಖ್ಯೆ ಒಂದೇ ಆಗಿದ್ದರೆ ಪುಟ ಆಯತಾಕಾರವಾಗಿರುತ್ತದೆ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ಬಲಗಡೆಯ ಅಂಚು ಹರಿದ ಸೆರಗಿನಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅಂಥ ಪಟ್ಟಿಗೆ ‘ರ‍್ಯಾಗೆಡ್’ ಎನ್ನುತ್ತಾರೆ, ಚಿಂದಿಯುಟ್ಟವನಿಗೆ ಹೇಳುವ ಅದೇ ಮಾತು. ಪುಟ ಆಯತವೋ ಹರಕೋ ಎಂಬುದೇ ಪ್ರಶ್ನೆ. ಪೈಥಾನ್ ಭಾಷೆಯಲ್ಲಿ ಮಿತ್ರರು ಬರೆದ ಉತ್ತರವನ್ನು ಕನ್ನಡ ಲಿಪಿಗೆ ಇಳಿಸಿದರೆ ಹೀಗಾಗುತ್ತದೆ: ಲೆನ್(ಸೆಟ್(ಮ್ಯಾಪ್(ಲೆನ್,ಅ)))<2. ಇದನ್ನು ಒಳಗಿನಿಂದ ಹೊರಕ್ಕೆ ಓದಬೇಕು. ಪ್ರತಿ ಸಾಲಿನ ಉದ್ದವನ್ನು ಅಳೆ. ಅಳತೆಗಳನ್ನೆಲ್ಲ ಒಂದು ಗಣಕ್ಕೆ ಹಾಕು. ಒಂದೇ ಸಂಖ್ಯೆ ಎಷ್ಟು ಸಲ ಬಂದರೂ ಗಣದಲ್ಲಿ ಒಂದಾಗಿಯೇ ಉಳಿಯುವುದರಿಂದ, ಕೊನೆಗೆ ಅಲ್ಲಿ ಎರಡಕ್ಕಿಂತ ಕಡಿಮೆ ಸಂಖ್ಯೆಗಳಿದ್ದರೆ ಸಾಲುಗಳೆಲ್ಲ ಸಮ. ಮೂಲದ ರೋಮನ್ ಲಿಪಿಯಲ್ಲಿ ಇದಕ್ಕೆ ತಗಲುವುದು 22 ಚಿಹ್ನೆಗಳು.

ಸೊಗಸಾಗಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸಾಲುಗಳನ್ನು ಒಂದೊಂದಾಗಿ ಹಿಡಿದು, ಮೊದಲನೆಯದರ ಜೊತೆ ಹೋಲಿಸಿ, ಎಲ್ಲಿ ತಪ್ಪಿತೆಂದು ಗುರುತಿಟ್ಟುಕೊಳ್ಳುವ ಗುಮಾಸ್ತನ ಕ್ರಮವನ್ನು ಬಿಟ್ಟು, ‘ಅಳತೆಗಳಲ್ಲಿ ಎಷ್ಟು ಬಗೆ?’ ಎಂದು ಪ್ರಶ್ನೆಯನ್ನೇ ತಿರುಗಿಸಿ ಕೇಳಿದ್ದರಲ್ಲಿ ಜಾಣ್ಮೆಯಿದೆ. ಅಷ್ಟಕ್ಕೆ ಚಪ್ಪಾಳೆ ಬಿದ್ದಿದ್ದರೆ ನಮ್ಮ ಕೈಯೂ ಸೇರುತ್ತಿತ್ತು.

ಆದರೆ ಮಿತ್ರರು ಅಲ್ಲಿಗೆ ನಿಲ್ಲಲಿಲ್ಲ. ಇದೊಂದು ಆಟವೆಂದೂ, ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವನು ಗೆಲ್ಲುವಂತೆ ಇಲ್ಲಿ ಕಡಿಮೆ ಚಿಹ್ನೆಗಳಲ್ಲಿ ಉತ್ತರ ಬರೆದವನು ಗೆಲ್ಲುತ್ತಾನೆಂದೂ, ಅದಕ್ಕೇ ‘ಕೋಡ್ ಗಾಲ್ಫ್’ ಎಂಬ ಹೆಸರೆಂದೂ ವಿವರಿಸಿದರು. ಪರ್ಲ್ ಭಾಷೆಯ ಪ್ರೇಮಿಗಳ ನಡುವೆ ಬೆಳೆದ ಈ ಆಟಕ್ಕೆ ಇಂದು ಪ್ರಪಂಚದ ಎಲ್ಲೆಡೆ ಆಟಗಾರರಿದ್ದಾರೆ. ಆಮೇಲೆ ಸಾಲನ್ನು ನಮ್ಮ ಕಣ್ಣೆದುರಿಗೇ ಕುಗ್ಗಿಸತೊಡಗಿದರು. ಸೆಟ್ ಎಂಬ ಹೆಸರಿನ ಬದಲು ಪುಷ್ಪಾವರಣವನ್ನೂ ನಕ್ಷತ್ರಚಿಹ್ನೆಯನ್ನೂ ಬಳಸಿದರೆ 22 ಇದ್ದದ್ದು 20 ಆಗುತ್ತದೆ. ಇನ್ನೂ ಬೇಕೆ? ಗಣದಲ್ಲಿರುವುದನ್ನು ಒಂದೇ ಒಂದು ಹೆಸರಿಗೆ ಬಿಚ್ಚಿ ಕೊಡು ಎಂದು ಬರೆದರೆ 16. ಗಣದಲ್ಲಿ ಒಂದಕ್ಕಿಂತ ಹೆಚ್ಚು ಸಂಖ್ಯೆಗಳಿದ್ದರೆ ಪ್ರೋಗ್ರಾಂ ದೋಷವೆಂದು ಕೂಗಿ ಅಲ್ಲೇ ಬಿದ್ದುಹೋಗುತ್ತದೆ; ಬಿದ್ದರೆ ‘ಸಮವಿಲ್ಲ’, ಬೀಳದಿದ್ದರೆ ‘ಸಮ’. ಬೀಳುವುದನ್ನೂ ಉತ್ತರವೆಂದು ಒಪ್ಪುವ ನಿಯಮ ಆ ಆಟದಲ್ಲಿದೆಯಂತೆ. ಕೊನೆಯಲ್ಲಿ ಜೆಲ್ಲಿ ಎಂಬ ಭಾಷೆ ಬಂತು, ಈ ಆಟಕ್ಕೆಂದೇ ಹುಟ್ಟಿದ್ದು. ಪ್ರತಿ ಸಾಲಿನ ಉದ್ದಕ್ಕೆ ಒಂದು ಚಿಹ್ನೆ, ಎಲ್ಲವೂ ಒಂದೇ ಏನು ಎಂಬುದಕ್ಕೆ ಇನ್ನೊಂದು. ಒಟ್ಟು ಎರಡು ಬೈಟು. ಆಗಲೇ ‘ವಚನ’ ಎಂಬ ಮಾತು ಹೊರಬಿದ್ದದ್ದು. ಒಬ್ಬರು ‘ಸೂತ್ರ’ ಎಂದರು. ಮತ್ತೊಬ್ಬರು ಪಾಣಿನಿಯನ್ನೇ ಕರೆತಂದರು. ಸಂಕ್ಷೇಪವೇ ಸಾಹಿತ್ಯದ ಸಾರವೆಂದೂ, ನಮ್ಮ ಪರಂಪರೆ ಇದನ್ನು ಎಂದೋ ಕಂಡುಕೊಂಡಿತ್ತೆಂದೂ, ಕಡಿಮೆ ಬರೆಯುವವನೇ ಹೆಚ್ಚು ತಿಳಿದವನೆಂದೂ ಸಭೆ ಸಾರಾಸಗಟಾಗಿ ತೀರ್ಮಾನಿಸಿತು.

ಈ ತೀರ್ಮಾನಕ್ಕೆ ನಮ್ಮ ವಿರೋಧವಿದೆ.

ಆ 22 ಚಿಹ್ನೆಗಳು ಬಾಯಿಬಿಟ್ಟು ಹೇಳದೆ ಎಷ್ಟು ತೀರ್ಮಾನಗಳನ್ನು ಮಾಡಿಬಿಟ್ಟಿವೆ ನೋಡಿ. ಪಟ್ಟಿ ಬರಿದಾಗಿದ್ದರೆ, ಅದರಲ್ಲಿ ಒಂದು ಸಾಲೂ ಇಲ್ಲದಿದ್ದರೆ, ಅದು ಸಮವೋ ಅಲ್ಲವೋ? ತರ್ಕಶಾಸ್ತ್ರಜ್ಞರು ಸಮವೆನ್ನಬಹುದು; ಕಚೇರಿಯ ಅಧಿಕಾರಿ ‘ಬರಿದಾದ ಪಟ್ಟಿ ನನ್ನ ಮುಂದೆ ಹೇಗೆ ಬಂತು?’ ಎಂದು ಮೊದಲು ಕೇಳಬೇಕು. ಮಿತ್ರರ ಸಾಲು ‘ಸಮ’ ಎನ್ನುತ್ತದೆ. ಏಕೆ? ‘ಎರಡಕ್ಕಿಂತ ಕಡಿಮೆ’ ಎಂದು ಬರೆಯಲು ಎರಡು ಚಿಹ್ನೆ ಸಾಕು. ‘ಒಂದಕ್ಕೆ ಸರಿಯಾಗಿ ಸಮ’ ಎಂದು ಬರೆಯಲು ಮೂರು ಬೇಕು. ಒಂದು ಚಿಹ್ನೆ ಉಳಿಸುವ ಆಸೆಯೇ ಬರಿದಾದ ಪಟ್ಟಿಯ ಗತಿಯನ್ನು ನಿರ್ಧರಿಸಿತು. ಅದೇ ಮಿತ್ರರ 16 ಚಿಹ್ನೆಗಳ ಸಾಲು ಬರಿದಾದ ಪಟ್ಟಿಯನ್ನು ಕಂಡರೆ ಬಿದ್ದುಹೋಗುತ್ತದೆ, ಎಂದರೆ ‘ಸಮವಿಲ್ಲ’ ಎನ್ನುತ್ತದೆ. ಒಂದೇ ಪ್ರಶ್ನೆಗೆ ಒಬ್ಬರೇ ಬರೆದ ಎರಡು ಉತ್ತರಗಳು ಪರಸ್ಪರ ವಿರೋಧವಾಗಿವೆ. ಸಭೆಯಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಎಲ್ಲರೂ ಎಣಿಸುತ್ತಿದ್ದುದು ಚಿಹ್ನೆಗಳನ್ನು.

ಇನ್ನೊಂದು. ಪಟ್ಟಿಯ ಒಳಗಿನ ಪಟ್ಟಿಯ ಒಳಗೆ ಮತ್ತೊಂದು ಪಟ್ಟಿಯಿದ್ದರೆ ಈ ಸಾಲು ಒಂದೇ ಮೆಟ್ಟಿಲು ಇಳಿದು ನಿಲ್ಲುತ್ತದೆ. ಎರಡು ಸಾಲುಗಳಲ್ಲೂ ಎರಡೆರಡು ಮನೆಗಳಿದ್ದು, ಒಂದು ಮನೆಯೊಳಗೆ ಮೂರು ಸಂಖ್ಯೆ, ಇನ್ನೊಂದರೊಳಗೆ ಐದು ಇದ್ದರೂ ‘ಸಮ’ ಎಂದೇ ಉತ್ತರ. ಯಾರಾದರೂ ಸಾಲಿರಬೇಕಾದ ಕಡೆ ಕೈತಪ್ಪಿ ಒಂದು ಪದವನ್ನೇ ಬರೆದರೆ? ಪದಕ್ಕೂ ಉದ್ದವಿದೆಯಲ್ಲ, ಪ್ರೋಗ್ರಾಂ ಅದನ್ನೂ ಅಳೆಯುತ್ತದೆ. ಐದೈದು ಮನೆಗಳ ಸಾಲುಗಳ ನಡುವೆ ‘ಕನ್ನಡ’ ಎಂಬ ಒಂದು ಪದವನ್ನು ಇಟ್ಟು ನೋಡಿ. ಯಂತ್ರಕ್ಕೆ ಅದೂ ಐದು ಮನೆಗಳ ಸಾಲೇ. ಮೂರಕ್ಷರದ ಪದ ಐದು ಹೇಗಾಯಿತೆಂಬ ಕುತೂಹಲ ಬಂದವರು ಅದನ್ನು ಹಾಗೆಯೇ ಇಟ್ಟುಕೊಂಡಿರಿ, ಆ ಲೆಕ್ಕಕ್ಕೆ ಬರುತ್ತೇವೆ.

‘ಆಟವನ್ನು ಆಟವಾಗಿ ನೋಡಬಾರದೆ?’ ಎಂದು ಮಿತ್ರರು ಚಹಾದ ಹೊತ್ತಿನಲ್ಲಿ ಕೇಳಿದರು. ನೋಡಬಹುದು. ಚದುರಂಗದ ಕುದುರೆ ಓರೆಯಾಗಿ ನೆಗೆಯುತ್ತದೆಂದು ಪಶುವೈದ್ಯರು ದೂರುವುದಿಲ್ಲ. ಆದರೆ ಆಟ ಹಲಗೆಯ ಮೇಲೆಯೇ ಉಳಿಯಬೇಕು. ನಮ್ಮ ಅನುಭವದಲ್ಲಿ ಉಳಿಯಲಿಲ್ಲ. ಆ ಅನುಭವವನ್ನು ಹೇಳುವ ಸಂದರ್ಭ ಈಗ ಬಂದಿದೆ.

ಕೆಲವು ವರ್ಷಗಳ ಹಿಂದೆ ನಾವಿದ್ದ ಕಚೇರಿಗೆ ಹಲವು ಶಾಖೆಗಳಿಂದ ನಿವೃತ್ತರ ಬಾಕಿ ಹಣದ ಪಟ್ಟಿಗಳು ಬರುತ್ತಿದ್ದವು. ಪ್ರತಿ ಸಾಲಿಗೆ 12 ಮನೆಗಳು: ಹೆಸರು, ಅಡ್ಡಹೆಸರು, ಹುದ್ದೆ, ಖಾತೆ, ಮೊತ್ತ, ಹೀಗೆ, ಕೊನೆಯದು ಷರಾ. ಸರ್ಕಾರಿ ಕಾಗದದಲ್ಲಿ ಷರಾ ಎಂಬ ಮನೆಯ ಮಹತ್ತ್ವ ಹೊರಗಿನವರಿಗೆ ತಿಳಿಯಲಾರದು. ಉಳಿದ ಹನ್ನೊಂದು ಮನೆಗಳಲ್ಲಿ ನಮೂನೆ ಕೇಳಿದ್ದು ಇರುತ್ತದೆ. ನಮೂನೆ ಕೇಳಲು ಮರೆತ ಬದುಕೆಲ್ಲ ಷರಾದಲ್ಲಿರುತ್ತದೆ. ಈ ಪಟ್ಟಿಗಳನ್ನು ಒಂದುಗೂಡಿಸಲು ಗುತ್ತಿಗೆಯ ಮೇಲೆ ಬಂದಿದ್ದ ತರುಣನೊಬ್ಬ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟ. ಬುದ್ಧಿವಂತ, ವಿನಯವಂತ, ಅವನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಮೊತ್ತದ ಕಂಬವನ್ನು ಕೂಡಿಸುವ ಸಲುವಾಗಿ ಅಡ್ಡಸಾಲುಗಳನ್ನು ಉದ್ದಸಾಲುಗಳಾಗಿ ತಿರುಗಿಸಿ, ಕೂಡಿಸಿದ ಮೇಲೆ ಮತ್ತೆ ಮೊದಲಿನಂತೆ ತಿರುಗಿಸಿದ್ದ. ಪೈಥಾನಿನಲ್ಲಿ ಹಾಗೆ ತಿರುಗಿಸುವ ಅತಿ ಚಿಕ್ಕ ಉಪಾಯದ ಹೆಸರು ಜಿಪ್. ಅದರ ಗುಣವೇನೆಂದರೆ, ಸಾಲುಗಳು ಸಮವಿಲ್ಲದಿದ್ದರೆ ಅತಿ ಚಿಕ್ಕ ಸಾಲಿನ ಅಳತೆಗೆ ಎಲ್ಲವನ್ನೂ ಕತ್ತರಿಸಿ, ಕತ್ತರಿಸಿದೆನೆಂದು ಹೇಳದೆ ಸುಮ್ಮನಿರುವುದು.

ಒಂದು ಶಾಖೆಯ ಪಟ್ಟಿಯಲ್ಲಿ ಅಡ್ಡಹೆಸರಿಲ್ಲದ ನಿವೃತ್ತರೊಬ್ಬರಿದ್ದರು. ಒಂದೇ ಹೆಸರು, ಹುಟ್ಟಿದಾಗ ಇಟ್ಟದ್ದು. ನಮೂನೆ ತುಂಬಿದವರು ಅಡ್ಡಹೆಸರಿನ ಮನೆಯನ್ನು ಖಾಲಿ ಬಿಡುವ ಬದಲು ಅಳಿಸಿಯೇಬಿಟ್ಟಿದ್ದರು. ಆ ಸಾಲಿಗೆ 11 ಮನೆ ಉಳಿಯಿತು. (ಊರ ಹೆಸರನ್ನೋ ತಂದೆಯ ಹೆಸರನ್ನೋ ಅಡ್ಡಹೆಸರೆಂದು ಬರೆದುಕೊಟ್ಟು ನಮೂನೆಯ ಹಸಿವು ತಣಿಸುವ ಕಷ್ಟ, ಹೊರನಾಡಿನಲ್ಲಿ ಬಾಳುವ ಕನ್ನಡಿಗರಿಗೆ ನಾವು ವಿವರಿಸಬೇಕಿಲ್ಲ.) ಜಿಪ್ ತನ್ನ ಧರ್ಮದಂತೆ ಎಲ್ಲ ಸಾಲುಗಳನ್ನೂ ಹನ್ನೊಂದಕ್ಕೆ ಕತ್ತರಿಸಿತು. ಹೋದದ್ದು ಷರಾ. ಒಬ್ಬರದ್ದಲ್ಲ, ಆ ಒಂದು ಸಾಲಿನವರನ್ನು ಬಿಟ್ಟು ಪಟ್ಟಿಯಲ್ಲಿದ್ದ ಉಳಿದೆಲ್ಲರದ್ದೂ. ಅನಂತರ ತರುಣ ತನ್ನ ಕೆಲಸ ಸರಿಯಿದೆಯೇ ಎಂದು ಪರೀಕ್ಷಿಸಲು ಬರೆದದ್ದು ಮೇಲೆ ಹೇಳಿದ ಅದೇ 22 ಚಿಹ್ನೆಗಳ ಸಾಲು. ಉತ್ತರ ‘ಸಮ’ ಎಂದು ಬಂತು. ಬರದೇ ಇರುತ್ತದೆಯೇ? ಎಲ್ಲರ ತಲೆಯನ್ನೂ ಒಂದೇ ಎತ್ತರಕ್ಕೆ ಕತ್ತರಿಸಿ ಆಮೇಲೆ ಅಳತೆಗೋಲು ಹಿಡಿದರೆ ಕಾಣುವುದು ಸಮಾನತೆಯೇ. ಮುದ್ರಿತ ಪಟ್ಟಿಯ ಕೆಳಗೆ ‘ಪರಿಶೀಲಿಸಲಾಗಿದೆ’ ಎಂಬ ಮುದ್ರೆ ಬಿತ್ತು. ಮುದ್ರೆಯ ಮೇಲಿನ ಸಹಿ ನಮ್ಮದು.

ಐದು ತಿಂಗಳ ಮೇಲೆ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ಕಚೇರಿಗೆ ಕನ್ನಡದಲ್ಲಿ ಬರೆದ ಕಾಗದವೊಂದು ಬಂತು. ಅದನ್ನು ಓದಬಲ್ಲವರು ಅಲ್ಲಿ ನಾವೊಬ್ಬರೇ ಆದ್ದರಿಂದ ನಮ್ಮ ಮೇಜಿಗೆ ತಂದಿಟ್ಟರು. ಬರೆಸಿದಾಕೆ ನಿವೃತ್ತ ನೌಕರರೊಬ್ಬರ ಹೆಂಡತಿ. ಗಂಡ ತೀರಿಕೊಂಡದ್ದನ್ನು ತಿಳಿಸಿ, ಹಣವನ್ನು ತನ್ನ ಖಾತೆಗೆ ಹಾಕಬೇಕೆಂದು ಶಾಖೆಗೆ ಬರೆದುಕೊಟ್ಟಿದ್ದರು. ಶಾಖೆಯವರು ಅದನ್ನು ಷರಾದಲ್ಲಿ ನಮೂದಿಸಿಯೂ ಇದ್ದರು. ಷರಾ ನಮ್ಮಲ್ಲಿಗೆ ಬರುವ ದಾರಿಯಲ್ಲಿ ಕತ್ತರಿಸಿಹೋದದ್ದರಿಂದ ಹಣ ಮುಚ್ಚಿದ ಖಾತೆಯ ಬಾಗಿಲಿಗೆ ಹೋಗಿ ಹಿಂದಿರುಗಿ ಯಾರದೋ ಲೆಕ್ಕದಲ್ಲಿ ಕುಳಿತಿತ್ತು. ಕಾಗದದಲ್ಲಿ ಬೈಗುಳವಿರಲಿಲ್ಲ. ತನ್ನ ಅರ್ಜಿಯಲ್ಲಿ ತಪ್ಪೇನಾದರೂ ಆಗಿದೆಯೇ, ಆಗಿದ್ದರೆ ತಿದ್ದಿಕೊಡುತ್ತೇನೆ ಎಂದು ಕೇಳಿದ್ದರು. ಅಡ್ಡಹೆಸರಿಲ್ಲದ ಒಬ್ಬರ ಸಾಲು ಹರಕಾಗಿದ್ದಕ್ಕೆ, ಅವರನ್ನು ಎಂದೂ ಕಂಡರಿಯದ ಈ ತಾಯಿ ಐದು ತಿಂಗಳು ಅಂಗಡಿಯಲ್ಲಿ ಕಡ ಹೇಳಿ ಬದುಕಿದರು. ಹಣ ಕೊನೆಗೆ ತಲುಪಿತು. ತರುಣ ಆ ಹೊತ್ತಿಗೆ ಗುತ್ತಿಗೆ ಮುಗಿಸಿ ಬೇರೆಡೆ ಹೋಗಿದ್ದ. ಅವನು ಬರೆದ ಸಾಲುಗಳನ್ನು ಅರ್ಥ ಮಾಡಿಕೊಳ್ಳಲು ನಾವು, ನಲವತ್ತು ದಾಟಿದ ಮೇಲೆ, ಪೈಥಾನ್ ಕಲಿತೆವು. ನಮ್ಮ ಅಧಿಕಾರದ ಮೂಲ ಇಷ್ಟೇ.

ಇದು ನಮ್ಮೊಬ್ಬರ ಕಹಿಯಾಗಿದ್ದರೆ ಸುಮ್ಮನಿರಬಹುದಿತ್ತು. ಆ ಭಾಷೆಯನ್ನು ಕಟ್ಟಿದವರಿಗೇ ಈ ಮೌನದ ಬೆಲೆ ತಿಳಿದಿದೆ. 2021ರಲ್ಲಿ ಹೊರಬಂದ ಪೈಥಾನ್ 3.10ರಲ್ಲಿ ಜಿಪ್‌ಗೆ ‘ಸ್ಟ್ರಿಕ್ಟ್’ ಎಂಬ ಆಯ್ಕೆಯೊಂದನ್ನು ಸೇರಿಸಿದರು; ಅದನ್ನು ಬರೆದರೆ ಉದ್ದಗಳು ಹೊಂದದಿದ್ದಾಗ ಜಿಪ್ ಕತ್ತರಿಸುವ ಬದಲು ಕೂಗುತ್ತದೆ. ಬರೆಯದಿದ್ದರೆ ಇಂದಿಗೂ ಹಳೆಯ ಮೌನವೇ. ಆಟಗಾರ ಅದನ್ನು ಬರೆಯುವುದಿಲ್ಲ, ಚಿಹ್ನೆಗಳು ಹೆಚ್ಚಾಗುತ್ತವೆ. ಸಂಖ್ಯಾಕೋಷ್ಟಕಗಳಿಗಾಗಿ ವಿಜ್ಞಾನಿಗಳು ಬಳಸುವ ನಂಪೈ ಎಂಬ ಗ್ರಂಥಾಲಯವೂ ಮೊದಲು ಹರಕು ಪಟ್ಟಿಗಳನ್ನು ತುಟಿಪಿಟಕ್ಕೆನ್ನದೆ ನುಂಗಿಕೊಂಡು ಬೇರೇನೋ ಬಗೆಯ ವಸ್ತುವನ್ನು ಕೈಗಿಡುತ್ತಿತ್ತು. 2020ರ 1.19ನೆಯ ಆವೃತ್ತಿಯಿಂದ ಎಚ್ಚರಿಕೆ ಕೊಡತೊಡಗಿತು. 2022ರ ಕೊನೆಯ 1.24ನೆಯ ಆವೃತ್ತಿಯಿಂದ ದೋಷವೆಂದೇ ನಿಲ್ಲಿಸುತ್ತದೆ. ಸಾಧನಗಳನ್ನು ಕಟ್ಟುವವರು ಮೌನದಿಂದ ಮಾತಿನ ಕಡೆಗೆ ನಡೆಯುತ್ತಿರುವಾಗ, ನಾವು ಸಾಹಿತ್ಯಾಸಕ್ತರು ಮೌನಕ್ಕೆ ವಚನವೆಂದು ಹೆಸರಿಟ್ಟು ಚಪ್ಪಾಳೆ ತಟ್ಟುವುದೆ?

ಇನ್ನು ಪರಂಪರೆಯ ಮಾತು. ಅರ್ಧ ಮಾತ್ರೆ ಉಳಿದರೂ ಮಗ ಹುಟ್ಟಿದಷ್ಟು ಹಿಗ್ಗುವವರೆಂದು ವೈಯಾಕರಣರ ಬಗ್ಗೆ ಹಳೆಯ ನುಡಿಯೊಂದಿದೆ; ಸಭೆಯಲ್ಲಿ ಅದನ್ನು ಯಾರೋ ನೆನಪಿಸಿದರು. ನೆನಪಿಸಿದವರು ಅರ್ಧವನ್ನೇ ನೆನಪಿಸಿದರು. ಪಾಣಿನಿಯ ಸೂತ್ರಗಳು ಚಿಕ್ಕವಾಗಿರುವುದಕ್ಕೆ ಕಾರಣವಿತ್ತು: ಅವು ಬಾಯಿಪಾಠವಾಗಬೇಕಿತ್ತು, ಮನುಷ್ಯನ ನೆನಪು ಕಿರಿದು. ಮೊದಲ ಸೂತ್ರದ ಪದ ಮುಂದಿನ ಸೂತ್ರಗಳಿಗೆ ಹರಿದು ಬರುವ ವ್ಯವಸ್ಥೆಯಿತ್ತು. ಸಂಕ್ಷೇಪ ಇದ್ದುದು ಒಂಟಿ ಸಾಲಿನಲ್ಲಲ್ಲ, ಸುಮಾರು ನಾಲ್ಕು ಸಾವಿರ ಸೂತ್ರಗಳ ಇಡೀ ಕಟ್ಟಡದಲ್ಲಿ. ಅಷ್ಟಾಗಿಯೂ ಕಾತ್ಯಾಯನರು ವಾರ್ತಿಕ ಬರೆದರು, ಪತಂಜಲಿ ಮಹಾಭಾಷ್ಯ ಬರೆದರು. ಸೂತ್ರ ಎಲ್ಲಿ ಸೋರುತ್ತದೆ, ಎಲ್ಲಿ ಬಿಗಿಯಾಗುತ್ತದೆ, ಒಂದು ಪದ ತೆಗೆದರೆ ಏನು ಕೆಡುತ್ತದೆ ಎಂದು ಕೇಳುವ ಆ ಚರ್ಚೆಗಳ ಉದ್ದವನ್ನು ಸೂತ್ರಗಳ ಪಕ್ಕದಲ್ಲಿಟ್ಟು ನೋಡಿದರೆ, ಆ ಪರಂಪರೆ ಸಂಕ್ಷೇಪವನ್ನು ಎಷ್ಟು ಅನುಮಾನದಿಂದ ಕಾಣುತ್ತಿತ್ತೆಂದು ತಿಳಿಯುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಕಂದಪದ್ಯಗಳಲ್ಲಿ ಸೂತ್ರೀಕರಿಸಿದ. ಕಂದ ಇಕ್ಕಟ್ಟಿನ ಮನೆ. ಅದರಲ್ಲಿ ವ್ಯಾಕರಣದ ನಿಯಮವನ್ನು ಕೂರಿಸುವುದು ಯಾವ ಗಾಲ್ಫಿಗೂ ಕಡಿಮೆಯಲ್ಲ. ಆದರೆ ಪ್ರತಿ ಸೂತ್ರದ ಕೆಳಗೆ ಅವನೇ ಗದ್ಯದಲ್ಲಿ ವೃತ್ತಿ ಬರೆದ. ಅದರ ಕೆಳಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ಉದಾಹರಿಸಿದ. ಈ ನಿಯಮ ಇಂಥಲ್ಲಿ ನಡೆಯುತ್ತದೆ, ಇಂಥಲ್ಲಿ ನಡೆಯುವುದಿಲ್ಲ ಎಂದು ಸಾಕ್ಷಿಸಮೇತ ತೋರಿಸಿದ. ಇಂದಿನ ಪ್ರೋಗ್ರಾಮರುಗಳ ಮಾತಿನಲ್ಲಿ ಹೇಳುವುದಾದರೆ ಸೂತ್ರ ಕೋಡು, ವೃತ್ತಿ ಟಿಪ್ಪಣಿ, ಪ್ರಯೋಗ ಪರೀಕ್ಷೆ. 1604ರಲ್ಲಿ ಭಟ್ಟಾಕಳಂಕ ಕರ್ಣಾಟಕ ಶಬ್ದಾನುಶಾಸನವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದಾಗಲೂ ವ್ಯಾಖ್ಯಾನವನ್ನು ಬೇರೆಯವರಿಗೆ ಬಿಡದೆ ತಾನೇ ಬರೆದ. ಸೂತ್ರ ಬರೆದವನಿಗೆ ವೃತ್ತಿಯ ಸಾಲವಿರುತ್ತದೆಂದು ಇವರು ತಿಳಿದಿದ್ದರು. ಸಭೆಯ ಪರದೆಯ ಮೇಲೆ ಬಂದದ್ದು ಸಾಲ ತೀರಿಸದ ಸೂತ್ರ.

ವಚನದ ಹೋಲಿಕೆಯಂತೂ ಇನ್ನೂ ದುರ್ಬಲ. ವಚನಕಾರರು ಚಿಕ್ಕದಾಗಿ ಬರೆದದ್ದುಂಟು, ಆದರೆ ಅಕ್ಷರ ಎಣಿಸಿದವರಲ್ಲ. ಎಣಿಕೆಯ ಛಂದಸ್ಸನ್ನು ಬಿಟ್ಟು ಹೊರಬಂದವರು. ಎದುರಿಗೆ ಕುಳಿತವನಿಗೆ ತಿಳಿಯಲೆಂದು ಆಡಿದ ಮಾತು ಅದು. ಅಲ್ಲಮನ ಬೆಡಗಿನ ವಚನಗಳಂಥವು ಕಗ್ಗಂಟಾದಾಗ ಮುಂದಿನವರು ಟೀಕೆಗಳನ್ನು ಬರೆದು ಬಿಡಿಸಿದರು. ಆಟದ ಮಟ್ಟಿಗೆ ಇನ್ನೊಂದು ಲೆಕ್ಕವನ್ನೂ ನೋಡಿ. ಅಲ್ಲಿ ಅಂಕ ಕೊಡುವುದು ಬೈಟುಗಳ ಮೇಲೆ. ಜೆಲ್ಲಿಯಂಥ ಭಾಷೆಗಳು ತಮ್ಮದೇ 256 ಚಿಹ್ನೆಗಳ ಕೋಷ್ಟಕವನ್ನು ಮಾಡಿಕೊಂಡು ಒಂದೊಂದಕ್ಕೂ ಒಂದೇ ಬೈಟೆಂದು ಲೆಕ್ಕ ಹಾಕಿಕೊಳ್ಳುತ್ತವೆ. ಪ್ರಪಂಚವೆಲ್ಲ ಬಳಸುವ ಯುಟಿಎಫ್-8 ಕ್ರಮದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ವಚನ’ ಎಂದು ಬರೆಯುವುದಕ್ಕೇ ಒಂಬತ್ತು ಬೈಟು ಬೇಕು. ಎರಡು ಬೈಟಿನ ವಚನ!

ಉದ್ದವೆಂದರೇನು ಎಂಬ ಮೂಲಪ್ರಶ್ನೆಗೆ ಇದು ನಮ್ಮನ್ನು ತಂದು ನಿಲ್ಲಿಸುತ್ತದೆ. ನಮ್ಮ ಮುಖ್ಯ ತಕರಾರೇ ಇದು. ‘ಕನ್ನಡ’ ಎಂಬ ಪದ ಐದಾದದ್ದು ಹೀಗೆ: ಯುನಿಕೋಡಿನಲ್ಲಿ ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ಕಣ್ಣಿಗೆ ಒಂದಾಗಿ ಕಾಣುವ ಒತ್ತಕ್ಷರ ಯಂತ್ರಕ್ಕೆ ಮೂರು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ತೆಗೆದುಕೊಳ್ಳಿ. ಅಕ್ಷರಗಣದ ಲೆಕ್ಕದಲ್ಲಿ ಅದರ ಉದ್ದ ಒಂದು, ಮಾತ್ರೆಯ ಲೆಕ್ಕದಲ್ಲಿ ಎರಡು, ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಆರು, ಬೈಟುಗಳಲ್ಲಿ ಹದಿನೆಂಟು. ನಾಲ್ಕು ಅಳತೆ, ನಾಲ್ಕು ಉತ್ತರ, ನಾಲ್ಕೂ ಸರಿ. ಪೈಥಾನಿನ ಲೆನ್ ಇವುಗಳಲ್ಲಿ ಮೂರನೆಯದನ್ನು ಆರಿಸಿಕೊಂಡು, ಆರಿಸಿಕೊಂಡದ್ದನ್ನು ಹೇಳದೆ, ಆರು ಎನ್ನುತ್ತದೆ.

ಈಗ ಮಿತ್ರರ ಸಾಲಿನ ಮುಂದೆ ನಮ್ಮ ಕಾವ್ಯವನ್ನು ಇಟ್ಟು ನೋಡೋಣ. ಪಂಪ, ರನ್ನರು ಬಳಸಿದ ಖ್ಯಾತ ಕರ್ಣಾಟಕ ವೃತ್ತಗಳಲ್ಲೊಂದಾದ ಉತ್ಪಲಮಾಲೆಯಲ್ಲಿ ನಾಲ್ಕು ಪಾದಗಳಿಗೂ ಇಪ್ಪತ್ತಿಪ್ಪತ್ತು ಅಕ್ಷರ. ನಾಗವರ್ಮನ ಛಂದೋಂಬುಧಿಯನ್ನು ಓದಿದವರಿಗೆ ಅದು ಕಟ್ಟುನಿಟ್ಟಾದ ಆಯತ. ಲೆನ್‌ನ ಕೈಗೆ ಕೊಟ್ಟರೆ ಒತ್ತಕ್ಷರ ಹೆಚ್ಚಿದ್ದ ಪಾದ ಉದ್ದ, ಕಡಿಮೆಯಿದ್ದದ್ದು ಗಿಡ್ಡ, ಉತ್ತರ ‘ಸಮವಿಲ್ಲ’. ಇನ್ನು ಕುಮಾರವ್ಯಾಸನ ಭಾಮಿನಿ ಷಟ್ಪದಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ 23. ರಾಘವಾಂಕನ ವಾರ್ಧಕದಲ್ಲಿ 20 ಮತ್ತು 32. ಕೇಶಿರಾಜನ ಕಂದದಲ್ಲಿ 12 ಮತ್ತು 20. ಸರಿಯಾದ ಅಳತೆಗೋಲು ಹಿಡಿದು ಮಾತ್ರೆಯನ್ನೇ ಎಣಿಸಿದರೂ ಗಣದಲ್ಲಿ ಎರಡು ಸಂಖ್ಯೆ ಉಳಿಯುತ್ತವೆ. ಉತ್ತರ ಮತ್ತೆ ‘ಸಮವಿಲ್ಲ’. ಎಂದರೆ ಈ ಪರೀಕ್ಷೆಯ ಪ್ರಕಾರ ಗದುಗಿನ ಭಾರತ ಆದಿಯಿಂದ ಅಂತ್ಯದವರೆಗೆ ಹರಕು ಪಟ್ಟಿ. ಅಸಮತೆಗೂ ಒಂದು ನಿಯಮವಿರಬಹುದು, ಮೂರನೆಯ ಸಾಲು ಉದ್ದವಾಗಿರುವುದು ತಪ್ಪಲ್ಲ, ಅದು ಉದ್ದವಾಗಿರಲೇಬೇಕು, ಎಂಬ ಸಾಧ್ಯತೆಗೆ ಆ 22 ಚಿಹ್ನೆಗಳಲ್ಲಿ ಜಾಗವಿಲ್ಲ. ಆಟದ ಪ್ರಶ್ನೆಯಲ್ಲೂ ಇಲ್ಲ. ಉತ್ತರವನ್ನು ಕುಗ್ಗಿಸುವ ಹಟದಲ್ಲಿ ಮೊದಲು ಕುಗ್ಗಿದ್ದು ಪ್ರಶ್ನೆ. ನಮ್ಮ ಕಚೇರಿಯಲ್ಲೂ ಕೇಳಬೇಕಾಗಿದ್ದುದು ‘ಪ್ರತಿಯೊಬ್ಬರ ಷರಾ ಅವರವರ ಜೊತೆಗೇ ಇದೆಯೇ?’ ಎಂದು, ಕೇಳಿದ್ದು ‘ಸಾಲುಗಳು ಸಮವೇ?’ ಎಂದು. ಎರಡನೆಯದು ಚಿಕ್ಕದಾಗಿ ಬರೆಯಲು ಬರುವಂಥದು, ಅದಕ್ಕೇ ಕೇಳಿದ್ದು.

ನಮ್ಮನ್ನು ಉದ್ದ ಬರಹದ ವಕೀಲರೆಂದು ತಿಳಿಯುವವರೂ ಇದ್ದಾರೆ. ಸರ್ಕಾರಿ ನೌಕರರ ಮೇಲೆ ಆ ಅನುಮಾನ ಸಹಜ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದ ಕಡೆಗೆ ತಮ್ಮ ಗಮನ ಸೆಳೆಯುತ್ತಾ’ ಎಂದು ಆರಂಭವಾಗಿ ಎರಡು ಪುಟ ನಡೆದು ಏನನ್ನೂ ಹೇಳದೆ ಮುಗಿಯುವ ಪತ್ರಗಳನ್ನು ಇಪ್ಪತ್ತು ವರ್ಷ ಓದಿದ್ದೇವೆ, ಬರೆದೂ ಇದ್ದೇವೆ. ಉದ್ದವೂ ಮರೆಮಾಚುವ ಸಾಧನವೇ, ಬಹುಶಃ ಹೆಚ್ಚು ಪಳಗಿದ ಸಾಧನ. ನಾನೂರು ಸಾಲಿನ ಪ್ರೋಗ್ರಾಮಿನ ನಡುವೆ ಒಂದು ಜಿಪ್ ಅಡಗಿ ಕುಳಿತರೆ ಅದನ್ನು ಹುಡುಕುವುದು ಇನ್ನೂ ಕಷ್ಟವೆಂಬ ಮಿತ್ರರ ಮಾತನ್ನು ಒಪ್ಪುತ್ತೇವೆ. ಹ್ಯಾಮ್ಲೆಟ್ ನಾಟಕದಲ್ಲಿ ಸಂಕ್ಷೇಪವನ್ನು ಕೊಂಡಾಡುವ ಪೊಲೋನಿಯಸ್ ಎಂಥ ಮಾತುಗುಳಿ ಎಂಬುದನ್ನು ತರಗತಿಯಲ್ಲಿ ಓದಿ ನಕ್ಕವರು ನಾವು. ಇಷ್ಟುದ್ದದ ಲೇಖನ ಬರೆದು ಆ ನಗೆಗೆ ನಾವೇ ಗುರಿಯಾಗುತ್ತಿದ್ದೇವೆಂಬ ಎಚ್ಚರವೂ ಇದೆ.

ಸಂಕ್ಷೇಪದ ಪರವಾಗಿ ನಿಜವಾದ ವಾದವೊಂದಿದೆ, ಅದನ್ನು ಸಭೆಯಲ್ಲಿ ಯಾರೂ ಮಂಡಿಸಲಿಲ್ಲ. ಎಪಿಎಲ್ ಎಂಬ ಸಂಕೇತಭಾಷೆಯನ್ನು ಕಂಡುಹಿಡಿದ ಕೆನೆತ್ ಐವರ್ಸನ್ 1979ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ತಮ್ಮ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ, ಸಂಕೇತವು ಆಲೋಚನೆಯ ಸಾಧನವೆಂಬುದು. ಇಂದಿನ ಎಪಿಎಲ್‌ನಲ್ಲಿ ನಮ್ಮ ಪ್ರಶ್ನೆಯನ್ನು ಏಳು ಚಿಹ್ನೆಗಳಲ್ಲಿ ಬರೆಯಬಹುದು. ಆದರೆ ಅಲ್ಲಿ ಚಿಹ್ನೆ ಚಿಕ್ಕದಾಗಿರುವುದು ಇಡೀ ವಿಚಾರವನ್ನು ಒಂದೇ ನೋಟಕ್ಕೆ ಎದುರಿಗಿಟ್ಟುಕೊಂಡು ತಿರುಗಿಸಿ ನೋಡಲೆಂದು, ಗಣಿತದ ಸಮೀಕರಣವನ್ನು ನೋಡುವಂತೆ. ಸಂಕೇತ ಕಲಿತ ಇಬ್ಬರು ಆ ಸಾಲಿನ ಮೇಲೆ ಕುಳಿತು ವಾದಿಸಬಹುದು. ಬಿದ್ದುಹೋಗುವುದೇ ಉತ್ತರವೆನ್ನುವ 16 ಚಿಹ್ನೆಗಳ ಸಾಲಿನ ಮೇಲೆ ವಾದಿಸುವುದೇನಿದೆ? ಬೆರಗಾಗಬಹುದು, ಅಷ್ಟೆ. ಬೆರಗು ಕೆಟ್ಟದ್ದಲ್ಲ, ದೊಂಬರಾಟಕ್ಕೂ ನಾವು ಕಾಸು ಹಾಕಿದವರೇ. ಹಗ್ಗದ ಮೇಲೆ ನಡೆದವನನ್ನು ಸೇತುವೆ ಕಟ್ಟಲು ಕರೆಯಬೇಡಿ ಎನ್ನುತ್ತಿದ್ದೇವೆ.

ಮಿತ್ರರ ಮೇಲೆ ನಮಗೆ ಸಿಟ್ಟಿಲ್ಲ. ಬಳಗಕ್ಕೆ ಬರುವ ಇಪ್ಪತ್ತರ ಹರೆಯದವರು ಬೆರಳೆಣಿಕೆಯಷ್ಟು; ಅವರಲ್ಲಿ ತಮ್ಮ ದಿನದ ಕೆಲಸವನ್ನು ಕನ್ನಡದಲ್ಲಿ ವಿವರಿಸುವ ಧೈರ್ಯ ಮಾಡಿದವರು ಇವರೊಬ್ಬರೇ. ಅದಕ್ಕಾಗಿಯೇ ಇಷ್ಟು ಜಗಳ. ಮುಂದಿನ ತಿಂಗಳ ಸಭೆಗೆ ಅವರಿಗೊಂದು ಸವಾಲು ಒಡ್ಡುತ್ತೇವೆ. ಆರು ಸಾಲುಗಳನ್ನು ಕೊಡುತ್ತೇವೆ. ಅವು ಭಾಮಿನಿ ಷಟ್ಪದಿಯ ಲೆಕ್ಕಕ್ಕೆ ಸರಿಹೊಂದುತ್ತವೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂ ಬರೆದು ತರಲಿ. ಗುರು, ಲಘು, ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವ ನಿಯಮ, ಅನುಸ್ವಾರ, ವಿಸರ್ಗ, ಎಲ್ಲವೂ ಬರಬೇಕು. ಪೈಥಾನ್ ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ, ಆದ್ದರಿಂದ ‘ಮಾತ್ರೆ’ಗೆ ಮಾತ್ರೆ ಎಂದೇ ಹೆಸರಿಡಲಿ. ಎಷ್ಟು ಚಿಕ್ಕದಾಗಿ ಬೇಕಾದರೂ ಬರೆಯಲಿ, ನಾವು ಎಣಿಸುವುದಿಲ್ಲ. ಆದರೆ ಪ್ರತಿ ಸಾಲಿನ ಕೆಳಗೆ ವೃತ್ತಿಯಿರಬೇಕು, ಅದರ ಕೆಳಗೆ ಪ್ರಯೋಗವಿರಬೇಕು, ಮತ್ತು ಸಾಲುಗಳೇ ಇಲ್ಲದ ಹಾಳೆಯನ್ನು ಕೊಟ್ಟರೆ ಅದು ಏನನ್ನುತ್ತದೆ, ಏಕೆ ಹಾಗೆನ್ನುತ್ತದೆ ಎಂದು ಅವರು ಬಾಯಲ್ಲಿ ಹೇಳಬೇಕು. ಆರು ಸಾಲುಗಳಲ್ಲಿ ಒಂದರಲ್ಲಿ ನಾವು ಒಂದು ಮಾತ್ರೆ ಕದ್ದಿರುತ್ತೇವೆ, ಯಾವುದೆಂದು ಈಗ ಹೇಳುವುದಿಲ್ಲ. ಹಿಡಿದರೆ ಅಂದಿನ ಚಹಾ, ಉಪ್ಪಿಟ್ಟು ನಮ್ಮ ಲೆಕ್ಕದಲ್ಲಿ.